ಮಾವನ ಡಿಕ್ಕಿಯಲ್ಲಿ ಸೋನಾ ಮಸೂರಿ

ಹವಾಮಾನ ವರದಿ ನೋಡಿ ಅಕ್ಕಿ ಕೊಳ್ಳುವವರನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ! ಅವರು ನನ್ನ ಹೆಂಡತಿಯ ಸೋದರಮಾವ. ಧಾರವಾಡದವರು, ಈಗ ಅಮೆರಿಕದ ಕಾಪೆಲ್‌ ಊರಿನಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಆಚೆ ಇದ್ದಾರೆ.

ಅವರದೊಂದು ಹಳೆಯ ಕಾರು. ಮುಂದಿನ ಚಕ್ರಗಳು ಸುಮ್ಮನೆ ದಾರಿ ತೋರಿಸುತ್ತವೆ, ತಳ್ಳುವ ಕೆಲಸವೆಲ್ಲ ಹಿಂದಿನವುಗಳದು. ನಮ್ಮ ಮನೆಯಲ್ಲೂ ಅದೇ ವ್ಯವಸ್ಥೆ, ನಾನು ಮುಂದಿನ ಚಕ್ರ! ಒಣ ರಸ್ತೆಯಲ್ಲಿ ಏನೂ ತೊಂದರೆಯಿಲ್ಲ. ಹಿಮ ಬಿತ್ತೋ, ಹಗುರವಾದ ಹಿಂಭಾಗ ಜಾರತೊಡಗುತ್ತದೆ. ಹಿಂದೆ ಭಾರವಿರಬೇಕೆಂದು ಬೇರೆಯವರು ಮರಳಿನ ಚೀಲ ಇಡುತ್ತಾರೆ. "ಮರಳು ತಿನ್ನಲಿಕ್ಕೆ ಬರ್ತದೇನ್ರಿ?" ಎಂದ ಮಾವ ನಾಲ್ಕು ಮೂಟೆ ಸೋನಾ ಮಸೂರಿ ಡಿಕ್ಕಿಗೆ ಹಾಕಿದರು.

ಚಳಿಗಾಲ ಮುಗಿದ ಮೇಲೆ ಆ ಮೂಟೆಗಳು ಅಡುಗೆಮನೆಗೆ. ಯುಗಾದಿಯ ಚಿತ್ರಾನ್ನಕ್ಕೆ ಪೆಟ್ರೋಲಿನ ಪರಿಮಳ! ಹಾಗಂತ ತಟ್ಟೆಯಲ್ಲಿ ಒಂದಗುಳು ಬಿಟ್ಟೀರಿ ಜೋಕೆ. ನೆಲದ ಮೇಲೆ ಒಂದು ಕಾಳು ಅಕ್ಕಿ ಕಂಡರೂ ಎತ್ತಿ ಕಣ್ಣಿಗೊತ್ತಿಕೊಳ್ಳುವ ಮನುಷ್ಯ ಅವರು.

ಒಮ್ಮೆ ಹಿಮದಲ್ಲಿ ಓಡಿಸುವ ಅಭ್ಯಾಸಕ್ಕೆಂದು ನನ್ನನ್ನು ದೇವಸ್ಥಾನದ ಖಾಲಿ ಪಾರ್ಕಿಂಗ್‌ಗೆ ಕರೆದೊಯ್ದರು. ಗುರುತಿಗೆ ಸಾಲಾಗಿ ತೆಂಗಿನಕಾಯಿ ಇಟ್ಟು, ಅವುಗಳ ನಡುವೆ ಕಾರು ತೂರಿಸಬೇಕು. ಮೊದಲ ತಿರುವಿನಲ್ಲೇ ಮೂರು ಕಾಯಿ ಪುಡಿಪುಡಿ!

"ಮಾವ, ಒಡೆದೇ ಹೋಯ್ತಲ್ಲ!"

"ಈಡುಗಾಯಿ ಆತು ಬಿಡ್ರಿ ಅಳಿಯಂದ್ರ. ಗಣಪ್ಪ ಖುಷಿ!"

ನಾನು ಈ ಕತೆಯನ್ನು ಕಂಡಕಂಡವರಿಗೆಲ್ಲ ಹೇಳಿ ನಗಿಸಿದೆ. ನಕ್ಕ ನನ್ನ ಬಾಯಿ ಕಳೆದ ಚಳಿಗಾಲದಲ್ಲಿ ಮುಚ್ಚಿತು.

ಅವತ್ತು ಬೀದಿಯೆಲ್ಲ ಹಿಮ, ಅದರಡಿ ಗಾಜಿನಂಥ ಐಸು. ಹಿಂದಿನ ದಿನದಿಂದ ಕರೆಂಟಿಲ್ಲ. ನನ್ನ ಹೊಚ್ಚಹೊಸ ಎಲೆಕ್ಟ್ರಿಕ್ ಕಾರು ಚಾರ್ಜಿಲ್ಲದೆ ಗ್ಯಾರೇಜಿನಲ್ಲಿ ಮಲಗಿತ್ತು. ಆಗಲೇ ನನ್ನ ಹೆಂಡತಿಗೆ, ಇನ್ನೂ ಮೂರು ವಾರ ಇರುವಾಗಲೇ, ಹೆರಿಗೆ ನೋವು ಶುರುವಾಯಿತು. ಆಂಬುಲೆನ್ಸಿನವರು ತಡವಾಗುತ್ತದೆ ಎಂದರು. ಮಾವನಿಗೆ ಫೋನ್ ಮಾಡಿದೆ.

ಬಂದರು! ನಡೆದು ಬಂದಿದ್ದರೆ ಇನ್ನೂ ಬೇಗ ಬರುತ್ತಿದ್ದರು, ಅದು ಬೇರೆ ಮಾತು. "ಹೆದರಬ್ಯಾಡವ್ವ, ಹಿಂದ ನಾಲ್ಕು ಮೂಟಿ ಅಕ್ಕಿ ಅದ, ನೀ ಅದೀ. ಗಾಡಿ ಅಲ್ಲಾಡಂಗಿಲ್ಲ" ಎಂದರು. ಆ ನೋವಿನಲ್ಲೂ ಅವಳು, "ಮಾಮಾ, ನನ್ನನ್ನೂ ಮೂಟೆ ಲೆಕ್ಕಕ್ಕೆ ಹಿಡಿದ್ಯಾ?" ಎಂದಳು.

ಆಸ್ಪತ್ರೆಗೆ ಸ್ವಲ್ಪ ಮೊದಲು ಒಂದು ಏರು. ಅಲ್ಲಿ ಹಿಂದಿನ ಚಕ್ರಗಳು ನಿಂತಲ್ಲೇ ಗಿರ್ರನೆ ತಿರುಗಿದವು. ನಾನು ಇಳಿದು ತಳ್ಳಿದೆ, ಜಾರಿ ಬಿದ್ದೆ. ಒಳಗೆ ಅವಳು ಕಿರುಚಿಕೊಂಡಳು.

ಮಾವ ಇಳಿದು ಡಿಕ್ಕಿ ತೆರೆದರು. ಒಂದು ಮೂಟೆಯ ಬಾಯಿ ಬಿಚ್ಚಿದರು. ಆಮೇಲೆ ಬೂಟು ಕಳಚಿಟ್ಟು, ಕಾಲ್ಚೀಲವನ್ನೂ ತೆಗೆದರು.

"ಮಾವ, ಹಿಮ ಇದೆ! ಏನ್ಮಾಡ್ತಿದ್ದೀರಾ?"

"ಬೂಟುಗಾಲಿಲೆ ಅಕ್ಕಿ ತುಳೀಲೇನ್ರಿ?"

ಬೊಗಸೆ ಬೊಗಸೆ ಅಕ್ಕಿಯನ್ನು ಚಕ್ರಗಳ ಮುಂದೆ ಸುರಿದರು. ಕಣ್ಣು ಮುಚ್ಚಿ ಕೈಮುಗಿದು, ಬೂಟು ಹಿಮದಲ್ಲೇ ಬಿಟ್ಟು, ಬರಿಗಾಲಲ್ಲೇ ಬಂದು ಕೂತು ಆಕ್ಸಿಲರೇಟರ್ ಒತ್ತಿದರು. ಕರಕರ ಸದ್ದಾಯಿತು. ಕಾರು ಏರು ಹತ್ತಿತು, ಮೇಲೆ ಹೋಗಿ ನಾನೂ ಕೂತೆ. ಅಲ್ಲಿಂದ ಆಸ್ಪತ್ರೆಯವರೆಗೆ ಮಾವ ಕನ್ನಡಿಯಲ್ಲಿ ಹಿಂದಿನ ದಾರಿಯನ್ನು ಮತ್ತೆ ಮತ್ತೆ ನೋಡುತ್ತಿದ್ದರು.

ಎರಡು ತಾಸಿನ ಮೇಲೆ ನನ್ನ ಮಗಳು ಹುಟ್ಟಿದಳು. ಅಮ್ಮ, ಮಗಳು ಇಬ್ಬರೂ ಕ್ಷೇಮ. ಮಾವ ಕೂಸನ್ನು ಎತ್ತಿಕೊಂಡು, ಅದರ ಪುಟ್ಟ ಪಾದಗಳನ್ನು ಕಣ್ಣಿಗೊತ್ತಿಕೊಂಡರು.

"ಅನ್ನಾ ತುಳಿಸಿದ್ನಲ್ಲಾ ಅಂತ ಸಂಕಟ ಆಗಿತ್ರಿ ಅಳಿಯಂದ್ರ. ಈಗ ಸಮಾಧಾನ ಆತು. ಲಕ್ಷ್ಮಿ ಮನಿಯೊಳಗ ಬರೂ ಮುಂದ ಸೇರಕ್ಕಿ ಒದ್ದು ಬರ್ತಾಳಲ್ಲಾ? ಈಕಿ ಒಂದು ಮೂಟಿ ಒದ್ದು ಬಂದಾಳ, ನೋಡ್ರಿ!"

ಬಗ್ಗಿ ಅವರ ಪಾದ ಮುಟ್ಟಿದೆ. ಇನ್ನೂ ತಣ್ಣಗೆ ಕೊರೆಯುತ್ತಿದ್ದವು.