ಏರಿನ ಮೇಲಿನ ನಳಕ್ಕೆ ಪಾಳಿ

ಲಾಲಪ್ಪನನ್ನು ನಾನು ಮೊದಲು ಕಂಡ ದಿನ ಅವನು ಪೈಪಿನ ಬಾಯಿಗೆ ಕಿವಿ ಇಟ್ಟು ನೀರನ್ನು ಬೈಯುತ್ತಿದ್ದ.

— ಕೆಳಗ ಗುಡುಗುಡು ಅಂತದ, ಮ್ಯಾಲ ಬರಾಂಗಿಲ್ಲ ಅಂದ್ರ ಏನರ್ಥ?

— ಏರು ಹತ್ತಬೇಕಲ್ಲಪಾ, ದಮ್ಮು ಹತ್ತಿರ್ತದ, ಎಂದೆ.

— ನೀವ್ಯಾರ್ರೀ?

— ಈ ತ್ವಾಟ ಕಾಯಾಕಿ, ಮಾನಮ್ಮ. ನೀ ಮೊದಲ ಕಿವಿ ತಗಿ. ನೀರು ಬಂದ್ರ ಅದರಾಗ ಹೊಕ್ಕೀತು.

ತೋಟ ಲೋಣಾವಳಾ ರಸ್ತೆಯ ಬದಿಗೆ. ಒಡೆಯರು ಪುಣೆಯ ವಿಮಾನ ನಗರದ ಅಪ್ಪಾಸಾಹೇಬರು. ಗೇಟಿನ ಹತ್ತಿರ ಎತ್ತರದ ಕಂಬಗಳ ಮೇಲಿದ್ದ ನೀರಿನ ಟಾಕಿಯಿಂದ ಏರಿನ ಮೇಲಿನ ಮೂಲೆಗೆ ನೀರು ಒಯ್ಯಲು ನಳದ ಕೆಲಸದ ಲಾಲಪ್ಪನನ್ನು ಅವರೇ ಕಳಿಸಿದ್ದರು. ಆ ಮೂಲೆಯಲ್ಲಿ ನನ್ನ ಪುಂಡಿಪಲ್ಲೆಯ ಮಡಿ ಇತ್ತು. ಕೊಡ ಹೊತ್ತು ಹತ್ತಲು ನನ್ನ ಮೊಣಕಾಲು ಒಪ್ಪುತ್ತಿರಲಿಲ್ಲ, ಎಲೆಗಳು ಬಾಡಿ ಜೋತುಬಿದ್ದಿದ್ದವು. ರವಿವಾರದೊಳಗೆ ಅಲ್ಲಿ ಹಸಿರು ಕಾಣದಿದ್ದರೆ ಫರಸಿ ಕಲ್ಲು ಹಾಸಿ ಕಾರು ನಿಲ್ಲಿಸುತ್ತೇನೆಂದು ಸಾಹೇಬರು ಹೇಳಿಬಿಟ್ಟಿದ್ದರು.

ಲಾಲಪ್ಪ ಪೈಪು ಬಿಚ್ಚಿದ, ಕೂಡಿಸಿದ, ತುದಿಗೆ ನಳ ಹಾಕಿದ. ರವಿವಾರ ಮುಂಜಾನೆ ಟಾಕಿಯ ವಾಲ್ ತಿರುಗಿಸಿ ಏರು ಹತ್ತಿ ಓಡಿ ಬಂದ. ನಳ ಕೆಮ್ಮಿತು, ಆಮೇಲೆ ನೀರು ಬಂತು. ನಾವಿಬ್ಬರೂ ಪುಣೆಯ ಚಾಳುಗಳಲ್ಲಿ, ಹತ್ತಾರು ಮನೆಗೆ ಇದ್ದ ಒಂದೇ ನಳಕ್ಕೆ ಪಾಳಿ ಹಚ್ಚಿ ವಯಸ್ಸು ಕಳೆದವರು. ನೀರಿನ ಸದ್ದು ಕೇಳಿದ್ದೇ ತಡ, ನಾನು ಕೊಡ ಹಿಡಿದೆ, ಅವನು ಬಕೀಟು ಹಿಡಿದ.

— ಅಕ್ಕಾರ, ಕೊಡಾ ತಗೀರಿ. ಪಾಳಿ ನಂದು.

— ಹೆಂಗ? ನಾ ಮುಂಜಾನಿಂದ ಇಲ್ಲೇ ನಿಂತೀನಿ.

— ವಾಲ್ ತಿರುವಾಕ ಹೋಗೂಮುಂದ ಪಾಳಿಗಂತ ಕಲ್ಲ ಇಟ್ಟು ಹೋಗೀನ್ರಿ.

— ಈ ಮೂಲ್ಯಾಗ ಬರೇ ಕಲ್ಲ ಅದಾವ. ನಿಂದ್ಯಾವುದು?

— ಈ ಕರೇದು.

— ಅದು ನಂದು.

ಕೊನೆಗೆ ಒಂದು ಕೊಡ ಒಂದು ಬಕೀಟು ಎಂದು ರಾಜಿ ಆಯಿತು. ಅವು ತುಂಬಿದ ಮೇಲೆ ನನ್ನ ಬೋಗುಣಿ, ಅವನ ಬುತ್ತಿ ಡಬ್ಬಿ, ಡಬ್ಬಿಯ ಮುಚ್ಚಳ. ಮುಚ್ಚಳ ಬೇರೆ ಪಾಳಿ ಹಿಡಿಯಬೇಕೆಂದು ನಾನು ಹಟ ಹಿಡಿದೆ. ಡಬ್ಬಿಯ ಸಂಸಾರದಲ್ಲೇ ಅದೂ ಬರುತ್ತದೆಂದು ಅವನು ವಾದಿಸಿದ. ಅಷ್ಟರಲ್ಲಿ, ತಳದಲ್ಲಷ್ಟೇ ನೀರಿದ್ದ ಟಾಕಿ ಬರಿದಾಗಿ ನಳ ಉಸಿರು ಬಿಟ್ಟು ನಿಂತಿತು.

ಆಗಲೇ ಅಪ್ಪಾಸಾಹೇಬರು ಮಾರುತಿ ಕಾರಿನಿಂದಿಳಿದು ಮೇಲೆ ಬಂದರು. ಬಾಡಿದ ಪುಂಡಿಯನ್ನು ನೋಡಿದರು. ತುಂಬಿದ ಪಾತ್ರೆಗಳಿಗೆ ಕಾವಲು ಕೂತ ನಮ್ಮನ್ನೂ ನೋಡಿದರು.

— ನೀರು ಬಂತೇನು?

— ಬಂತ್ರಿ ಸಾಹೇಬ್ರ, ಎಂದ ಲಾಲಪ್ಪ ಎದೆಯುಬ್ಬಿಸಿ. ಒಂದ ಹನಿ ನೆಲಕ್ಕ ಬೀಳಗೊಟ್ಟಿಲ್ರಿ.

— ನೆಲಕ್ಕ ಬೀಳಲಿ ಅಂತನ ಅಲ್ಲೇನೊ ಪೈಪ್ ಹಾಕ್ಸಿದ್ದು?

ನಾನು ಎದ್ದು ಕೊಡವನ್ನು ಪುಂಡಿಯ ಬುಡಕ್ಕೆ ಬಗ್ಗಿಸಿದೆ. ಲಾಲಪ್ಪನೂ ಬಕೀಟು ಬಗ್ಗಿಸಿದ. ಮಗಳನ್ನು ಗಂಡನ ಮನೆಗೆ ಕಳಿಸುವವನ ಹಾಗೆ ಅವನ ಮುಖ ಸಣ್ಣಗಾಗಿತ್ತು. ಸಾಹೇಬರು ಬಹಳ ಹೊತ್ತು ನಕ್ಕರು. ಸಂಜೆಗೆ ಎಲೆಗಳು ತಲೆ ಎತ್ತಿದ್ದನ್ನು ನೋಡಿ, ಕಾರು ಬೇವಿನ ಮರದ ಕೆಳಗೇ ನಿಲ್ಲಲಿ ಎಂದರು. ದಿನಾ ಬಂದು ವಾಲ್ ತಿರುಗಿಸುವ ಕೆಲಸವನ್ನು ಲಾಲಪ್ಪನಿಗೇ ಒಪ್ಪಿಸಿದರು.

ಅವನು ಪೈಪಿನ ಕೆಲಸದ ಹತಾರು ಕಟ್ಟಿಕೊಂಡು ಗೇಟಿನವರೆಗೆ ಹೋದ. ಅಲ್ಲಿ ನಿಂತು, ಏನೋ ನೆನಪಾಗಿ ತಿರುಗಿ ಬಂದ. ಪಾಳಿಯಲ್ಲಿ ಇನ್ನಾರಿಗೂ ಕೇಳಿಸಬಾರದೆನ್ನುವ ಹಾಗೆ ನನ್ನ ಕಿವಿಯ ಹತ್ತಿರ ಬಗ್ಗಿದ.

— ಅಕ್ಕಾರ, ನಾಳಿಗಿ ನೀರು ಎಷ್ಟಕ್ಕ ಬರ್ತದ್ರಿ?