ಎರಡನೇ ಲೋಟದ ಎದೆಬಡಿತ

ಕಾಯಿಲೆ ಬಂದದ್ದೇ ಬಂತು, ಅದಕ್ಕೊಂದು ಘನವಾದ ಕಾರಣವಾದರೂ ಇರಲಿ ಎಂದು ಬಯಸುವ ಜಾತಿಯವನು ನಾನು. ಇದು ನಮ್ಮ ಮನೆತನದ ಗುಣ. ಮಂಡಿಕಲ್ಲಿನ ನಮ್ಮ ದೊಡ್ಡಪ್ಪ ಹಲಸಿನ ಹಣ್ಣು ಮಿತಿಮೀರಿ ತಿಂದು ಹೊಟ್ಟೆ ಹಿಡಿದುಕೊಂಡು ಹೊರಳಾಡುವಾಗಲೂ "ಶನಿ ಕಾಟ ಕಣೋ" ಎನ್ನುತ್ತಿದ್ದರೇ ಹೊರತು ಹಲಸಿನ ಹೆಸರೆತ್ತುತ್ತಿರಲಿಲ್ಲ. ಹಣ್ಣು ತಿಂದು ಬಂದ ನೋವಿಗೆ ಯಾರು ಮರುಗುತ್ತಾರೆ? ಶನಿ ಕಾಟ ಎಂದರೆ ಊರೇ ಬಂದು ಪಕ್ಕದಲ್ಲಿ ಕೂರುತ್ತದೆ. ಹೀಗಾಗಿ, ಮದುವೆಯಾದ ವರ್ಷ ನನಗೆ ಎದೆ ಡವಗುಟ್ಟಲು ಶುರುವಾದಾಗ ಕಾರಣವನ್ನು ಯಾರನ್ನೂ ಕೇಳದೆ ನಾನೇ ಗೊತ್ತುಮಾಡಿಕೊಂಡಿದ್ದೆ. ಅದು ವಿರಹ.

ಐವತ್ತರ ದಶಕದ ಮಾತು. ನಾನಾಗ ಶಿಡ್ಲಘಟ್ಟದ ರೈಲ್ವೆ ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವ ಗುಮಾಸ್ತ. ನಮ್ಮದು ಪುಟ್ಟ ಹಳಿಯ ಪುಟ್ಟ ರೈಲು, ಕೂಗು ಮಾತ್ರ ದೊಡ್ಡದು. ವೈಶಾಖದಲ್ಲಿ ಮದುವೆಯಾಯಿತು. ಆಷಾಢ ಬಂತೆಂದು ಹೆಂಡತಿ ಜಯಳನ್ನು ಚಿಂತಾಮಣಿಯ ತವರಿನವರು ಕರೆದುಕೊಂಡು ಹೋದರು. ಹೊಸ ಅಳಿಯ ಆಷಾಢದಲ್ಲಿ ಅತ್ತೆ ಮನೆಯ ಹೊಸ್ತಿಲು ತುಳಿಯುವಂತಿಲ್ಲ. ಚಿಂತಾಮಣಿ ಏನು ಕಾಶಿಯೇ? ರೇಷ್ಮೆಗೂಡಿನ ವ್ಯಾಪಾರಿಗಳಿಗೆ, ಬಾಣಂತಿ ನೋಡಲು ಹೊರಟ ಮುದುಕಿಯರಿಗೆ, ಕೋರ್ಟಿಗೆ ಹೋಗುವ ದಾಯಾದಿಗಳಿಗೆ ಎಲ್ಲರಿಗೂ ಚಿಂತಾಮಣಿ ಟಿಕೆಟ್ಟಿಗೆ ಠಸ್ಸೆ ಒತ್ತಿ ಕೊಡುವವನು ನಾನು, ಹೋಗುವಂತಿಲ್ಲದವನೂ ನಾನೊಬ್ಬನೇ. ಮನೆಯ ಬಾಗಿಲ ಹಿಂದಿನ ಗೂಟದಲ್ಲಿ ಅವಳು ಮರೆತುಹೋದ ಹಸಿರು ರವಿಕೆಯೊಂದು ನೇತಾಡುತ್ತಿತ್ತು. ಬೀಗ ತೆಗೆದು ಒಳಗೆ ಹೋದರೆ ಅದೊಂದೇ ಕಣ್ಣಿಗೆ ಬೀಳುತ್ತಿತ್ತು. ಅವಳು ನನ್ನ ಮನೆಯಲ್ಲಿ ಇದ್ದದ್ದೇ ಒಂದಿಷ್ಟು ದಿನ. ಅಷ್ಟರಲ್ಲಿ ಅವಳಿಲ್ಲದ ಮನೆಯಲ್ಲಿ ಕೂರುವುದು ನನಗೆ ಮರೆತೇ ಹೋಗಿತ್ತು.

ಸಂಜೆ ಚಿಂತಾಮಣಿ ಕಡೆಯಿಂದ ಗಾಡಿ ಬರುವ ಹೊತ್ತಿಗೆ ಸರಿಯಾಗಿ ಎದೆ ಡವಡವ ಎನ್ನುತ್ತಿತ್ತು. ಅವಳು ಬರುವುದಿಲ್ಲವೆಂದು ನನಗೆ ಗೊತ್ತು, ಎದೆಗೆ ಗೊತ್ತಿಲ್ಲ, ಪಾಪ, ಎಂದು ಅದರ ಮೇಲೆ ಅಭಿಮಾನಪಟ್ಟುಕೊಂಡೆ. ಒಂದು ಸಂಜೆ ಮಾತ್ರ ಅದು ನಡುನಡುವೆ ಒಂದೊಂದು ಬಡಿತ ಬಿಟ್ಟು ಬಡಿಯತೊಡಗಿತು. ನಾನು ಪ್ಲಾಟ್‌ಫಾರ್ಮಿನಲ್ಲಿದ್ದ ರೇಷ್ಮೆಗೂಡಿನ ಮೂಟೆಯ ಮೇಲೆ ಕುಸಿದು ಕೂತೆ. ವಿರಹವೇ ಆದರೂ ಸಾಯುವಷ್ಟು ಬೇಡ ಎನಿಸಿ ಮರುದಿನ ಡಾಕ್ಟರ ಹತ್ತಿರ ಹೋದೆ.

ಅವರು ಆಂಧ್ರದ ಗಡಿ ಕಡೆಯವರು, ವಯಸ್ಸಾದವರು. ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಆಲಿಸಿದರು. ಕಣ್ಣಿನ ರೆಪ್ಪೆ ಎಳೆದು ನೋಡಿದರು, ಕತ್ತು ಒತ್ತಿದರು, ಕೈ ನೀಡಿಸಿ ಬೆರಳು ನಡುಗುತ್ತವೆಯೇ ಎಂದು ಪರೀಕ್ಷಿಸಿದರು.

"ಗುಂಡಿಗೆಗೆ ಏಂ ಲೇದಯ್ಯಾ, ಏನೂ ಆಗಿಲ್ಲ, ಗಟ್ಟಿಯಾಗಿದೆ," ಎಂದರು. "ಎದೆ ಬಡ್ಕೊಂಡ್ರೆ ಗುಂಡಿಗೆದೇ ತಪ್ಪು ಅಂತ ಯಾಕೆ ಅನ್ಕೋತೀಯ? ಮೈಯಲ್ಲಿ ರಕ್ತ ಕಮ್ಮಿಯಾದ್ರೂ ಬಡ್ಕೊಳ್ಳುತ್ತೆ, ಜ್ವರ ಬಂದ್ರೂ ಬಡ್ಕೊಳ್ಳುತ್ತೆ, ಕತ್ತಲ್ಲಿರೋ ಗ್ರಂಥಿ ಕೆಟ್ರೂ ಅಷ್ಟೆ. ನಿಂಗೆ ಅವ್ಯಾವೂ ಕಾಣಲ್ಲ. ನಿದ್ದೆ ಮಾಡ್ತೀಯಾ?"

"ಇಲ್ಲ," ಎಂದೆ, ಸ್ವಲ್ಪ ಹೆಮ್ಮೆಯಿಂದಲೇ.

"ಊಟ?"

"ಸೇರೋದಿಲ್ಲ."

"ಕಾಫಿ?"

ಇಲ್ಲಿ ನಾನು ತೊದಲಿದೆ. ಸ್ಟೇಷನ್ನಿನ ಎದುರಿಗೇ ನಂಜುಂಡಯ್ಯನವರ ಹೋಟೆಲು. ಸಂಜೆ ಗಾಡಿ ಬರುವ ಮುಂಚೆ ಅಲ್ಲಿ ಒಂದು ಲೋಟ ಕುಡಿಯುತ್ತಿದ್ದೆ. ಗಾಡಿ ತಡವಾದರೆ ಇನ್ನೊಂದು. ನಮ್ಮ ಗಾಡಿ ತಡವಾಗದ ದಿನವೇ ಇರಲಿಲ್ಲ.

"ಖಾಲಿ ಹೊಟ್ಟೇಲಿ ಆ ಗಟ್ಟಿ ಡಿಕಾಕ್ಷನ್ನು!" ಡಾಕ್ಟರು ನಕ್ಕರು. "ಒಂದು ಲೋಟಕ್ಕೆ ನಿಂಗೇನೂ ಆಗಲ್ಲ. ಎರಡನೇದು ಬಿಡು. ಹೊತ್ತಿಗೆ ಸರಿಯಾಗಿ ಉಣ್ಣು, ಮಲಕ್ಕೋ. ಅದಕ್ಕೂ ನಿಲ್ಲದಿದ್ರೆ, ಎದೆ ನೋವು ಬಂದ್ರೆ, ತಲೆ ಸುತ್ತಿ ಬಿದ್ರೆ, ತಡಮಾಡ್ದೆ ಬಾ."

"ಆದ್ರೂ ಡಾಕ್ಟ್ರೇ, ಮನೆಯವಳು ಊರಲ್ಲಿಲ್ಲ..." ಎಂದು ಸೂಚನೆ ಕೊಟ್ಟು ನೋಡಿದೆ.

"ಅದಕ್ಕೆ ನನ್ ಹತ್ರ ಔಷಧಿ ಇಲ್ಲ. ಶ್ರಾವಣ ಬರ್ಲಿ," ಎಂದು ಮುಂದಿನವರನ್ನು ಕರೆದರು.

ಹೇಳಿದಂತೆ ಮಾಡಿದೆ. ವಾರ ಕಳೆಯುವುದರೊಳಗೆ ಎದೆ ತಣ್ಣಗಾಯಿತು. ನನಗೆ ಆದ ಅವಮಾನ ಅಷ್ಟಿಷ್ಟಲ್ಲ. ಇಷ್ಟು ದಿನ ನಾನು ಪ್ರೀತಿ ಎಂದುಕೊಂಡು ಮುದ್ದಿಸಿದ್ದು ನಂಜುಂಡಯ್ಯನವರ ಚಿಕೋರಿಯೇ? ಗಾಡಿ ಕೂಗಿಕೊಂಡು ಬರುತ್ತಿತ್ತು, ಎದೆ ಸುಮ್ಮನಿರುತ್ತಿತ್ತು, ನನಗೆ ಅಳು ಬರುತ್ತಿತ್ತು. ಕಾಯಿಲೆ ವಾಸಿಯಾಯಿತೆಂದು ದುಃಖಪಟ್ಟವನು ಶಿಡ್ಲಘಟ್ಟದಲ್ಲಿ ನಾನೊಬ್ಬನೇ ಇರಬೇಕು.

ಶ್ರಾವಣದಲ್ಲಿ ಜಯ ಬಂದಳು. ಎಲ್ಲವನ್ನೂ ಹೇಳಿಕೊಂಡೆ. ಬಿದ್ದು ಬಿದ್ದು ನಕ್ಕಳು. ಆಮೇಲೆ, "ಅಲ್ಲಾ ರೀ, ಮೊದ್ಲು ಹೋಟ್ಲಿಗೇ ಹೋಗ್ತಿರ್ಲಿಲ್ಲವಲ್ಲ, ಯಾಕೆ ಹೋದ್ರಿ?" ಎಂದು ಕೇಳಿದಳು.

"ಮನೇಲಿ ಕೂರಕ್ಕಾಗ್ತಿರ್ಲಿಲ್ಲ ಕಣೇ, ಅದಕ್ಕೆ," ಎಂದೆ.

ಅವಳು ನಗು ನಿಲ್ಲಿಸಿ ನನ್ನ ಮುಖ ನೋಡಿದಳು. ಆಮೇಲೆ ಒಳಗೆ ಹೋಗಿ ಅನ್ನಕ್ಕಿಟ್ಟಳು. ಯಾಕೆ ಹಾಗೆ ನೋಡಿದಳೆಂದು ಆಗ ನನಗೆ ಹೊಳೆಯಲಿಲ್ಲ.

ವರ್ಷಗಳು ಹೋದವು. ವರ್ಗಾವಣೆಯಾಗಿ ಎಲ್ಲೆಲ್ಲೋ ಸುತ್ತಿ ಮತ್ತೆ ಶಿಡ್ಲಘಟ್ಟಕ್ಕೇ ಬಂದಿದ್ದೆವು. ಅತ್ತೆ ಜಾರಿ ಬಿದ್ದು ಕಾಲು ಮುರಿದುಕೊಂಡರೆಂದು ಸುದ್ದಿ ಬಂತು. ಜಯ ಮಗನನ್ನು ಕರೆದುಕೊಂಡು ಹೊರಟಳು. ಅವಳ ಟಿಕೆಟ್ಟಿಗೆ ನಾನೇ ಠಸ್ಸೆ ಒತ್ತಿದೆ. ಎದೆ ಸುಮ್ಮನಿತ್ತು. ಮಧ್ಯಾಹ್ನವೂ ಸುಮ್ಮನಿತ್ತು. ಇಷ್ಟು ವರ್ಷ ಕೂಡಿ ಬಾಳಿದ ಮೇಲೆ ಅವಳು ಹೋದರೂ ಒಂದೇ, ಇದ್ದರೂ ಒಂದೇ ಎನ್ನುವಂತಾಯಿತೇ ಎಂದು ನನಗೆ ನಿಜವಾಗಿ ಭಯವಾಯಿತು. ಸಂಜೆ ಹೋಟೆಲಿಗೆ ಹೋಗಿ ಒಂದು ಲೋಟ ಕುಡಿದು ಕಾದೆ. ಏನೂ ಆಗಲಿಲ್ಲ. "ಇನ್ನೊಂದು ಕೊಡಿ," ಎಂದೆ.

ನಂಜುಂಡಯ್ಯನವರು ಗಲ್ಲಾ ಬಿಟ್ಟು ಎದ್ದು ಬಂದರು. "ಏನ್ ಸ್ವಾಮಿ ಇದು! ನೀವು ಎರಡನೇ ಲೋಟ ಕೇಳಿದ ದಿನ ಗಾರ್ಡ್ ಕೈಲಿ ಚಿಂತಾಮಣಿಗೆ ಹೇಳಿ ಕಳಿಸಿ, ಬಂದ್‌ಬಿಡ್ತೀನಿ ಅಂತ ಅಮ್ಮಾವ್ರು ಹೇಳಿ ಹೋಗಿದ್ದಾರೆ. ಬೆಳಿಗ್ಗೆ ಗಾಡೀಲಿ ತಾನೇ ಅವ್ರು ಹೋಗಿದ್ದು? ಈಗ್ಲೇ ಹೇಳಿ ಕಳಿಸ್ಲಾ? ನಂಗೇ ನಾಚ್ಕೆ ಆಗುತ್ತಲ್ಲ ಸ್ವಾಮಿ!"

ಎದೆ ಡವಗುಟ್ಟತೊಡಗಿತು. ನಾನು ಕುಡಿದದ್ದು ಒಂದೇ ಲೋಟ.

"ಇವತ್ತು ಬೇಡ ನಂಜುಂಡಯ್ಯನೋರೇ," ಎಂದೆ. "ನಾಳೆ ಹೇಳಿ ಕಳಿಸಿ."