ನಾನು ಬೆವರಿದ ಕತೆ

ನಾನು ವ್ಯಾಯಾಮಕ್ಕೆ ಹೊರಟಾಗಲೆಲ್ಲ ಏನಾದರೊಂದು ಆಗಿಯೇ ಆಗುತ್ತದೆ, ಬೆವರು ಬರುವುದೊಂದನ್ನು ಬಿಟ್ಟು. ಹುಬ್ಬಳ್ಳಿಯಲ್ಲಿ ನನ್ನದು ಕಾಳಿನ ಅಂಗಡಿ. ದಿನವಿಡೀ ಗಾದಿಯ ಮೇಲೆ ಕುಳಿತು ಕುಳಿತು ಸಕ್ಕರೆ ಕಾಯಿಲೆ ಬಂತು.

"ಮೂರು ತಿಂಗಳು ನಡೀರಿ. ಇಳೀಲಿಲ್ಲಂದ್ರ ದಿನಾ ಸೂಜಿ," ಎಂದರು ಡಾಕ್ಟರು.

ಸೂಜಿ ಎಂದರೆ ನನಗೆ ಖರೇ ಹೆದರಿಕೆ.

ಬಿಳಿ ಬೂಟು

ಮರುದಿನ ಬೆಳಿಗ್ಗೆ ಹೊಸ ಬೂಟು ಹಾಕಿಕೊಂಡು ಕೇಶ್ವಾಪುರದ ಮನೆಯಿಂದ ಹೊರಬಿದ್ದೆ. ಹತ್ತು ಹೆಜ್ಜೆ ಇಟ್ಟಿರಲಿಲ್ಲ, ಗಿರಾಕಿಯೊಬ್ಬರ ಸ್ಕೂಟರು ಬಂದು ನಿಂತಿತು.

"ಯಾಕ್ರಿ ಸಾವ್ಕಾರ್ರ, ಕಾರ್ ಕೆಟ್ಟೈತೇನ್ರಿ? ಹತ್ರಿ, ಬಿಡ್ತೇನಿ."

"ಗಾರ್ಡನ್ನಿಗೆ ವಾಕಿಂಗ್ ಹೊಂಟೇನ್ರಿ."

"ಮತ್ತ ಅಲ್ಲೀತನಕಾ ಯಾಕ ನಡೀತೀರಿ? ಹತ್ರಿ."

ಬೇಡವೆಂದರೆ ಬೇಜಾರಾಗುತ್ತಾರೆ. ಹತ್ತಿದೆ. ಗಾರ್ಡನ್ನಿನಲ್ಲಿ ಪರಿಚಯದವರು ಬೆಂಚಿನ ಮೇಲೆ ಕೂಡಿಸಿಕೊಂಡು ಕಾಳಿನ ರೇಟು ಕೇಳಿದರು, ಬರುವಾಗ ಇನ್ನೊಬ್ಬರು ಮನೆಗೆ ತಂದು ಬಿಟ್ಟರು. ದಿನಾ ಇದೇ ಕತೆ, ವಾರ ಕಳೆದರೂ ಬೂಟಿನ ಅಡಿ ಬಿಳಿಯಾಗಿಯೇ ಇತ್ತು.

ಕಬ್ಬಿಣ

ಮಗಳು ಜಿಮ್ಮಿಗೆ ಸೇರಿಸಿದಳು. ಅಲ್ಲಿ ಸ್ಕೂಟರು ಬರುವುದಿಲ್ಲ ಎಂಬ ಧೈರ್ಯ ಅವಳಿಗೆ. ಕನ್ನಡಿಯ ಮುಂದೆ ಕಬ್ಬಿಣ ಎತ್ತುತ್ತಿದ್ದವನು ನಾನೇ ಎಂದು ನನಗೇ ಅನ್ನಿಸಲಿಲ್ಲ. ಅದೇ ಹೊತ್ತಿಗೆ ನಮ್ಮ ಅಂಗಡಿಯ ಹಿರಿಯ ಹಮಾಲ ಕೀಲಿ ಒಯ್ಯಲು ಬಂದ. ಮೂವತ್ತು ವರ್ಷ ನಮ್ಮ ಚೀಲ ಹೊತ್ತವನು. ಕಬ್ಬಿಣದತ್ತ ಬೆರಳು ಮಾಡಿದ.

"ಇದನ್ನ ಎಲ್ಲಿಗೆ ಒಯ್ಯಬೇಕ್ರಿ?"

"ಎಲ್ಲಿಗೂ ಇಲ್ಲ. ಎತ್ತಿ ಇಳಸೂದು."

"ಬಿಡ್ರಿ, ನಾ ಇದ್ದೇನಲ್ರಿ."

ನನ್ನ ಕೈಯಲ್ಲಿದ್ದುದನ್ನೂ, ಸುತ್ತ ಬಿದ್ದುದನ್ನೂ ಮೂಲೆಯಲ್ಲಿ ನೀಟಾಗಿ ಒಟ್ಟಿ ಬಂದು ಕೇಳಿದ, "ಮತ್ತೇನರ ಐತೇನ್ರಿ?"

ಮರುದಿನದಿಂದ ನಾನು ಹೋಗಲಿಲ್ಲ.

ಪತ್ರಿಕೆ

ಅಷ್ಟರಲ್ಲಿ ಮಗಳ ಲಗ್ನ ಗೊತ್ತಾಯಿತು. ನಮ್ಮಲ್ಲಿ ಲಗ್ನಪತ್ರಿಕೆಯನ್ನು ಹಿರಿಯರೊಬ್ಬರು ಮನೆಮನೆಗೆ ಹೋಗಿ ಕೈಯಲ್ಲೇ ಕೊಡಬೇಕು. ಫೋನಿನಲ್ಲಿ ಕಳಿಸಿದರೆ ಸ್ವಂತ ಅತ್ತೆಯೂ ಬರುವುದಿಲ್ಲ. ಕಮರಿಪೇಟೆಯ ಓಣಿಗಳಲ್ಲಿ ಕಾರು ಹಿಡಿಯದು, ನಡೆದೆ. ಸ್ಕೂಟರಿನವರು ನಿಂತರೆ, "ಮನಿಮನಿಗೆ ಪತ್ರಿಕಿ ಕೊಡೂದೈತ್ರಿ," ಎಂದರೆ ಸಾಕು, ಕೈಮುಗಿದು ಹೋಗುತ್ತಿದ್ದರು. ಚಹಾ ತರುತ್ತೇವೆ ಎಂದವರಿಗೆ, "ಇನ್ನ ಹತ್ತ ಮನಿ ಅದಾವ್ರಿ, ನೀರಷ್ಟ ಕೊಡ್ರಿ," ಎನ್ನುತ್ತಿದ್ದೆ. ಎಷ್ಟು ಮಹಡಿ ಹತ್ತಿದೆನೋ, ಎಷ್ಟು ಇಳಿದೆನೋ. ಅಂಗಿ ತೊಯ್ದು ತೊಪ್ಪೆಯಾಗುತ್ತಿತ್ತು. ಅಷ್ಟು ಖುಷಿಯಾಗಿ ನಾನೆಂದೂ ಇರಲಿಲ್ಲ. ನಡೆಯುತ್ತಿದ್ದೇನೆಂಬುದೇ ಮರೆತುಹೋಗಿತ್ತು, ನಾನು ಲಗ್ನದ ಮನೆಯ ಯಜಮಾನ, ಅಷ್ಟೇ ತಲೆಯಲ್ಲಿತ್ತು.

ಲಗ್ನ ಮುಗಿಯಿತು, ಮೂರು ತಿಂಗಳೂ ಮುಗಿಯಿತು. ಡಾಕ್ಟರ ಮುಂದೆ ಹೋಗಿ ಕುಳಿತೆ. ಡಾಕ್ಟರು ರಿಪೋರ್ಟನ್ನು ಎರಡು ಸಲ ನೋಡಿದರು.

"ಛಲೋ ಇಳದೈತಿ. ಸೂಜಿ ಬ್ಯಾಡ. ಏನ್ ಮಾಡಿದ್ರಿ?"

"ಮಗಳ ಲಗ್ನಾ ಮಾಡೇನ್ರಿ. ಪತ್ರಿಕಿ ಹಂಚಾಕ ಊರೆಲ್ಲಾ ನಡದೇನಿ."

"ಅದನ್ನ ಮುಂದುವರಸ್ರಿ."

"ಇರಾಕಿ ಒಬ್ಬಾಕಿ ಮಗಳ್ರಿ."

ಡಾಕ್ಟರು ಮೇಜಿನ ಡ್ರಾಯರ್ ಎಳೆದು ತಮ್ಮ ಮಗನ ಲಗ್ನಪತ್ರಿಕೆಯ ಕಟ್ಟನ್ನು ನನ್ನ ಮುಂದಿಟ್ಟರು.

"ದಿನಕ್ಕ ಇಪ್ಪತ್ತು. ಊಟಕ್ಕಿಂತ ಮೊದಲ."